ಕಾಜಿರಂಗಕ್ಕೆ ಮೂರು ಬರ್ತ್

ಬಾಗಿಲು ತೆರೆದವನ ಮುಖವನ್ನು ವಿನೋದಾ ನೋಡಲೇ ಇಲ್ಲ. ಅವನ ಕೈಯಲ್ಲಿದ್ದ ಟ್ಯಾಬ್ ನೋಡಿದಳು.

ಅದರ ಬೆನ್ನಿಗೆ ಒಂದು ಪುಟ್ಟ ಗಣಪತಿಯ ಸ್ಟಿಕ್ಕರ್ ಇತ್ತು. ಒಂದು ಕಿವಿ ಹರಿದ ಗಣಪತಿ. ಅಂಟಿಸುವಾಗ ಆ ಕಿವಿ ಹರಿದದ್ದು ಅವಳ ಕೈಯಿಂದಲೇ... ಏಳು ವರ್ಷದ ಹಿಂದೆ!

“ಇದು ನನ್ನ ಗಂಡನದ್ದು” ಎಂದಳು.

“ಹೌದು.”

“ನಿಮ್ಮ ಕೈಗೆ ಹೇಗೆ ಬಂತು?”

ಅವನು ಒಂದು ಹೆಜ್ಜೆ ಹಿಂದೆ ಸರಿದ. “ವಿನೋದಾ ಅವರೇ... ದಯವಿಟ್ಟು ಒಳಗೆ ಬನ್ನಿ.”

“ಒಳಗೆ ಕೂತು ಕಾಫಿ ಕುಡೀಲಿಕ್ಕೆ ಬಂದದ್ದಲ್ಲ ನಾನು! ಕೊಚ್ಚಿಯಿಂದ ತಿರುವನಂತಪುರಕ್ಕೆ ಬಂದದ್ದು ಒಂದೇ ಮಾತು ಕೇಳ್ಲಿಕ್ಕೆ. ಅವರು ಹೋಗಿ ಮೂರು ವರ್ಷ ಆಗ್ತಾ ಬಂತು. ಅವರ ಹೆಸರಿನಲ್ಲಿ ದಿನಾ ಬೆಳಿಗ್ಗೆ ಬರೆಯುವುದು ನೀವಾ?”

ಗೇಟಿನ ಹೊರಗೆ ನಿಂತಿದ್ದ ಆಟೋದವನು ತಲೆ ಹೊರಹಾಕಿ, “ಚೇಚೀ, ನಿಲ್ಕಣೋ?” ಎಂದು ಕೂಗಿದ. ಕಾಯಬೇಕೋ ಹೋಗಬೇಕೋ ಎಂದು ಅವನಿಗೆ ತಿಳಿಯಬೇಕಿತ್ತು.

“ನಿಲ್ಲಿ” ಎಂದು ವಿನೋದಾ ತಿರುಗದೆಯೇ ಕೈಯೆತ್ತಿದಳು.

ಎದುರಿಗೆ ನಿಂತವನು ವೆಂಕಟರಮಣ. ಮೈಸೂರು ಕಡೆಯವನು. ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ಅವಳ ಗಂಡ ಸುಧನ್ವನ ಸಹೋದ್ಯೋಗಿ. ಇಬ್ಬರೂ ಶ್ರೀಕಾರ್ಯಂ ಬಡಾವಣೆಯ ಈ ಬಾಡಿಗೆ ಮನೆಯಲ್ಲಿ ಆರು ವರ್ಷ ಜೊತೆಗಿದ್ದವರು. ವಿನೋದಾಳಿಗೆ ಕೊಚ್ಚಿಯ ಪಾಲಾರಿವಟ್ಟಂ ಶಾಖೆಯಲ್ಲಿ ಬ್ಯಾಂಕಿನ ಕೆಲಸ. ಶುಕ್ರವಾರ ಸಂಜೆಯ ರೈಲಿನಲ್ಲಿ ಗಂಡ ಬರುತ್ತಿದ್ದ, ಭಾನುವಾರ ಸಂಜೆ ಹೋಗುತ್ತಿದ್ದ. ಹದಿನಾಲ್ಕು ವರ್ಷದ ದಾಂಪತ್ಯದ ಹೆಚ್ಚು ಪಾಲು ಕಳೆದದ್ದು ಹೀಗೆ, ಎರಡು ಸ್ಟೇಷನ್ನುಗಳ ನಡುವೆ.

ವೆಂಕಟರಮಣನ ಹೆಸರನ್ನು ಅವಳು ಸಾವಿರ ಸಲ ಕೇಳಿದ್ದಳು. ಮುಖ ಕಂಡದ್ದು ಮಾತ್ರ ಆಸ್ಪತ್ರೆಯಲ್ಲಿ. ಗಂಡನ ಕೊನೆಯ ಆ ಇಪ್ಪತ್ನಾಲ್ಕು ದಿನಗಳಲ್ಲಿ ಯಾವ ಮುಖ ತಾನೇ ಅವಳ ನೆನಪಿನಲ್ಲಿ ನಿಂತೀತು?

ಈಗ ಆ ಮುಖ ಎದುರಿಗಿತ್ತು. ನಲವತ್ತಾರು ವರ್ಷದ, ಕಿವಿಯ ಬಳಿ ನರೆತ, ಸಿಕ್ಕಿಬಿದ್ದ ಮುಖ.

* * *

ಎಲ್ಲವೂ ಶುರುವಾದದ್ದು ಹತ್ತು ದಿನಗಳ ಹಿಂದೆ, ಒಂದು ಫೋಟೋದಿಂದ.

ಮೂರನೆಯ ವರ್ಷದ ತಿಥಿ ಹತ್ತಿರ ಬರುತ್ತಿತ್ತು. “ಆ ಹಳೆ ಫೋಟೋದಲ್ಲಿ ಅವನು ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿದವನ ಹಾಗೆ ಕಾಣ್ತಾನೆ ಮಾರಾಯ್ತಿ. ನಗುವುದು ಒಂದು ಹುಡುಕು” ಎಂದಿದ್ದರು ಅತ್ತೆ ಇಂದುಮತಿ. ಮಗ ಹೋದ ಮೇಲೆ ಸೊಸೆಯ ಜೊತೆಗೇ ಉಳಿದ ಹೆಂಗಸು ಅವರು.

ಬೆಳಗಿನ ಐದೂವರೆಗೆ ದೇವರ ಮುಂದೆ ದೀಪ ಹಚ್ಚಿ, ವಿನೋದಾ ಹಳೆಯ ಮೇಲ್‌ಗಳಲ್ಲಿ ಫೋಟೋ ಹುಡುಕುತ್ತ ಕುಳಿತಳು. ಆಗ ಸಿಕ್ಕಿತು ಅದು. ಸುಧನ್ವ ಕಳಿಸಿದ್ದ ಒಂದು ಆನ್‌ಲೈನ್ ಶೀಟಿನ ಕೊಂಡಿ. ಹೆಸರು, ‘ಕಾಜಿರಂಗ: ಮೊದಲ ಭೇಟಿ’.

ಅಸ್ಸಾಮಿನ ಆ ದೊಡ್ಡ ರಾಷ್ಟ್ರೀಯ ಉದ್ಯಾನ ಸುಧನ್ವನ ಹುಚ್ಚಾಗಿತ್ತು. ಒಂಟಿ ಕೊಂಬಿನ ಘೇಂಡಾಮೃಗ, ಆನೆ ಮುಳುಗುವಷ್ಟು ಎತ್ತರದ ಹುಲ್ಲು... ವಿಮಾನ ಬೇಡ ಎನ್ನುತ್ತಿದ್ದ. ಕನ್ಯಾಕುಮಾರಿಯಿಂದ ದಿಬ್ರೂಗಢಕ್ಕೆ ಹೋಗುವ ರೈಲು ಇಬ್ಬರ ಊರನ್ನೂ ಮುಟ್ಟಿಯೇ ಹೋಗುತ್ತದಲ್ಲ! “ನಾನು ತಿರುವನಂತಪುರದಲ್ಲಿ ಹತ್ತಿ ಬರ್ತೇನೆ. ನೀನು ಎರ್ನಾಕುಳಂನಲ್ಲಿ ಹತ್ತು. ಮೂರು ದಿನ ಕೂತ್ಕೊಂಡು ಇಡೀ ದೇಶ ನೋಡುವ.”

“ಶೀಟು ನೋಡಿದೆಯಾ?” ಎಂದು ಅವನು ಪ್ರತಿ ವಾರ ಕೇಳುತ್ತಿದ್ದ.

“ನಾಳೆ ನೋಡ್ತೇನೆ” ಎನ್ನುತ್ತಿದ್ದಳು ಅವಳು.

ಆ ನಾಳೆ ಬರಲೇ ಇಲ್ಲ. ಒಮ್ಮೆಯೂ ಅವಳು ಅದನ್ನು ತೆರೆದಿರಲಿಲ್ಲ. ದೇವರೇ, ಒಮ್ಮೆಯಾದರೂ ನೋಡಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಕೊಂಡಿಯನ್ನು ಒತ್ತಿದಳು.

ಸಾಲುಗಳು ತೆರೆದುಕೊಂಡವು. ರೈಲು, ಬರ್ತ್, ಜೀಪು, ಕಾಡಿನ ಬಾಗಿಲು ತೆರೆಯುವ ತಿಂಗಳು... ಕೆಳಗೆಲ್ಲೋ ಒಂದು ಹಸಿರು ಚೌಕ ಮೆಲ್ಲಗೆ ಅಲುಗಿತು. ಶೀಟನ್ನು ಆ ಹೊತ್ತಿಗೆ ಇನ್ನೊಬ್ಬರೂ ತೆರೆದಿದ್ದಾರೆಂಬ ಗುರುತು ಅದು. ಶೀಟಿನ ಒಂದು ಮನೆಯಿಂದ ಇನ್ನೊಂದು ಮನೆಗೆ ಜರುಗಿತು. ಅದರ ತಲೆಯ ಮೇಲೆ ಪುಟ್ಟ ಅಕ್ಷರದಲ್ಲಿ ಒಂದು ಹೆಸರು...

ಸುಧನ್ವ!

ವಿನೋದಾ ಕಿರುಚಲಿಲ್ಲ. ದೀಪದ ಕುಡಿ ನೆಟ್ಟಗೆ ಉರಿಯುತ್ತಿತ್ತು, ಗಾಳಿಯೂ ಇರಲಿಲ್ಲ. ಅವಳ ಕಣ್ಣೆದುರೇ ಅಕ್ಷರಗಳು ಒಂದೊಂದಾಗಿ ಮೂಡಿದವು. ‘ಜನವರಿಯಲ್ಲಿ ಬೆಳಿಗ್ಗೆ ಜೀಪಿನಲ್ಲಿ ಚಳಿ ಬಹಳ. ವಿನೋದಾ ಹತ್ತಿರ ಸ್ವೆಟರ್ ಇಲ್ಲ. ಕೊಚ್ಚಿಯಲ್ಲಿ ಒಳ್ಳೆಯದು ಸಿಗುವುದಿಲ್ಲ.’

ಬ್ಯಾಂಕಿನಲ್ಲಿ ಹದಿನೆಂಟು ವರ್ಷ ಪಾಸ್‌ವರ್ಡುಗಳ ನಡುವೆ ಬದುಕಿದವಳು ಅವಳು. ಬೇರೆ ಯಾರೋ ಇದನ್ನು ಬರೆಯುತ್ತಿದ್ದಾರೆಂದು ಬುದ್ಧಿ ಹೇಳಿತು. ಮನಸ್ಸು ಬುದ್ಧಿಯ ಮಾತು ಕೇಳಲಿಲ್ಲ.

ಮರುದಿನ ಐದು ನಲವತ್ತಕ್ಕೆ ಅದು ಮತ್ತೆ ಬಂತು. ಅದರ ಮರುದಿನವೂ! ಸಾಲುಗಳನ್ನು ತಿದ್ದುತ್ತ ಮೇಲಿನಿಂದ ಕೆಳಗೆ ನಡೆಯುತ್ತಿತ್ತು. ಕೆಲವೊಮ್ಮೆ ‘ವಿನೋದಾ’ ಎಂದು ಬರೆದ ಮನೆಯಲ್ಲಿ ಬಂದು ನಿಂತು, ಏನನ್ನೂ ಬರೆಯದೆ ಹಾಗೆಯೇ ಇರುತ್ತಿತ್ತು. ಅವಳು ಫೋನನ್ನು ಎದೆಗೆ ಒತ್ತಿಕೊಂಡು ಕುಳಿತಿರುತ್ತಿದ್ದಳು. ಅತ್ತೆಗೆ ಹೇಳಲಿಲ್ಲ. ಮನೆಯಲ್ಲಿ ಅವನ ಹೆಜ್ಜೆಯ ಸದ್ದು ಕೇಳಿದಂತಾಗುತ್ತಿತ್ತು. ಅನ್ನ ಬಡಿಸುವಾಗ ಕೈ ತಾನಾಗಿ ಮೂರನೆಯ ತಟ್ಟೆಗೆ ಹೋಗುತ್ತಿತ್ತು.

ಒಂಬತ್ತನೆಯ ಬೆಳಿಗ್ಗೆ ತಡೆಯಲಾಗಲಿಲ್ಲ. ತನ್ನ ಹೆಸರಿನ ಪಕ್ಕದ ಖಾಲಿ ಮನೆಯಲ್ಲಿ ಬರೆದಳು. ‘ಇದು ನೀವಾ?’

ಹಸಿರು ಚೌಕ ನಿಶ್ಚಲವಾಯಿತು. ಒಂದು ನಿಮಿಷ... ಎರಡು ನಿಮಿಷ... ಆಮೇಲೆ ಮಾಯವಾಯಿತು.

ಮರುದಿನ ಅದು ಬರಲಿಲ್ಲ. ಸತ್ತವರು ಪ್ರಶ್ನೆಗೆ ಹೆದರಿ ಓಡುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಶೀಟಿನ ಮೇಲ್ಭಾಗದಲ್ಲಿ ಪ್ರಯಾಣಿಕರ ಪಟ್ಟಿ ಇತ್ತು. ಒಂದು, ಸುಧನ್ವ. ಎರಡು, ವಿನೋದಾ. ಮೂರು, ವೆಂಕಟರಮಣ.

ಅವಳು ರಜೆ ಹಾಕಿ ಜನಶತಾಬ್ದಿ ಹತ್ತಿದಳು.

* * *

“ನಾನೇ ಬರೀತಿದ್ದೆ” ಎಂದ ವೆಂಕಟರಮಣ ಕೊನೆಗೆ. “ಟ್ಯಾಬ್ ಅವನೇ ಕೊಟ್ಟಿದ್ದು, ಆಸ್ಪತ್ರೆಯಲ್ಲಿ. ಶೀಟು ನಿಲ್ಲಿಸ್ಬೇಡ ಅಂದ. ಅದರಲ್ಲಿ ಅವನ ಅಕೌಂಟೇ ಇತ್ತು. ತೆಗೆಯೋಕೆ ಮನಸ್ಸಾಗ್ಲಿಲ್ಲ. ತೆಗೆದ್ರೆ ಅವನು ಇನ್ನೊಂದ್ಸಲ ಹೋದ ಹಾಗೆ ಅನ್ನಿಸ್ತಿತ್ತು.”

“ನಾನು ನೋಡ್ತಾ ಇದ್ದದ್ದು ನಿಮಗೆ ಗೊತ್ತಿರ್ಲಿಲ್ವಾ?”

ಅವನು ತಲೆ ತಗ್ಗಿಸಿದ. “ಗೊತ್ತಿತ್ತು. ಮೂಲೆಯಲ್ಲಿ ನಿಮ್ಮ ಹೆಸರು ಕಾಣ್ತಿತ್ತು. ಮೊದಲ ದಿನ ನನಗೇ ಭ್ರಮೆ ಅಂದ್ಕೊಂಡೆ. ಆಮೇಲೆ...”

“ಆಮೇಲೆ?”

“ಎದ್ದು ಹೋಗೋಕೆ ಆಗ್ಲಿಲ್ಲ.”

ಛೆ! ಅವಳ ಮೈಯೆಲ್ಲ ಉರಿದುಹೋಯಿತು. ಒಂಬತ್ತು ದಿನ ಅವಳು ಗಂಡನ ಎದುರು ಇದ್ದೇನೆಂದುಕೊಂಡು ಕುಳಿತಿದ್ದಳು. ಇವನು ಅದನ್ನು ನೋಡುತ್ತ ಕುಳಿತಿದ್ದನೇ?

“ಇನ್ನೊಂದು ಕೇಳ್ತೇನೆ. ಅವರು ನನಗೆ ಹೇಳಿದ್ದು ಇಬ್ಬರ ಪ್ರಯಾಣ. ಮೂರನೇ ಹೆಸರು ಎಲ್ಲಿಂದ ಬಂತು? ಅವರು ಹೋದ ಮೇಲೆ ಸೇರಿಸಿಕೊಂಡದ್ದು ತಾನೇ? ಸತ್ತವನ ಕೈಯಿಂದ ನಿಮ್ಮ ಹೆಸರು ಬರೆಸಿಕೊಂಡಿರಿ!”

ಅವನ ತುಟಿ ಅಲುಗಿತು. ಏನೋ ಹೇಳಹೊರಟ. ಆಮೇಲೆ ಅವಳ ಮುಖವನ್ನೊಮ್ಮೆ ನೋಡಿ, ಬಾಯಿ ಮುಚ್ಚಿದ.

“ಟ್ಯಾಬ್ ತಗೊಳ್ಳಿ” ಎಂದಷ್ಟೇ ಹೇಳಿದ. “ನಿಮ್ಮದು ಅದು. ಇನ್ನು ನಾನು ಬರೆಯಲ್ಲ.”

* * *

ಐದು ನಲವತ್ತು.

ದೀಪ ಉರಿಯುತ್ತಿತ್ತು. ಶೀಟು ತೆರೆದಿತ್ತು. ಯಾರೂ ಬರಲಿಲ್ಲ.

ಬರುವುದಿಲ್ಲವೆಂದು ಗೊತ್ತಿದ್ದೂ ಅವಳು ಕುಳಿತಳು. ಮರುದಿನವೂ ಕುಳಿತಳು. ಆ ಮೌನ ಮೂರು ವರ್ಷದ ಮೌನಕ್ಕಿಂತ ಹೆಚ್ಚು ಭಾರವಾಗಿತ್ತು. ‘ನಾನು ಯಾರನ್ನು ಕಾಯುತ್ತಿದ್ದೇನೆ?’ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ಹೆದರಿ ಎದ್ದು ಅಡುಗೆಮನೆಗೆ ಹೋದಳು.

ನಾಲ್ಕನೆಯ ದಿನ ಭಾನುವಾರ. ಅವಳು ಟ್ಯಾಬ್ ತೆಗೆದು ಶೀಟಿನ ಹಳೆಯ ರೂಪಗಳನ್ನು ನೋಡತೊಡಗಿದಳು. ಯಾವ ದಿನ, ಯಾವ ಗಳಿಗೆಯಲ್ಲಿ ಏನು ಬರೆದದ್ದು ಎಂಬುದನ್ನು ಅದು ತಾನೇ ನೆನಪಿಟ್ಟುಕೊಂಡಿರುತ್ತದೆ. ಅವನ ತಪ್ಪನ್ನು ತಾರೀಖಿನ ಸಮೇತ ನೋಡಬೇಕಿತ್ತು ಅವಳಿಗೆ.

ಮೂರನೆಯ ಹೆಸರು ಸೇರಿದ ದಿನ ಸಿಕ್ಕಿತು.

ಸುಧನ್ವ ಹೋಗುವುದಕ್ಕೆ ಮೂರು ದಿನ ಮೊದಲು. ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ.

ಅವಳು ದಿನಾ ಆಸ್ಪತ್ರೆಯಿಂದ ಸ್ನಾನಕ್ಕೆಂದು ಲಾಡ್ಜಿಗೆ ಹೋಗುತ್ತಿದ್ದ ಹೊತ್ತು ಅದು. ಟ್ಯಾಬ್ ಆಗ ಅವನ ಹಾಸಿಗೆಯ ಮೇಲೆಯೇ ಇತ್ತು, ಅವಳೇ ಕಂಡಿದ್ದಳು. ಅಲ್ಲಿಂದ ಐದು ನಿಮಿಷಗಳಲ್ಲಿ ಸುಧನ್ವ ಮೂರು ಕೆಲಸ ಮಾಡಿದ್ದ. ವೆಂಕಟರಮಣನ ಹೆಸರು ಸೇರಿಸಿದ್ದ. ತನಗೆಂದು ಬರೆದುಕೊಂಡಿದ್ದ ಕಿಟಕಿಯ ಬದಿಯನ್ನು ವಿನೋದಾಳ ಹೆಸರಿಗೆ ಹಾಕಿದ್ದ. ತನ್ನ ಹೆಸರಿನ ಮುಂದೆ ‘ಹೊರಡುವುದು ಖಚಿತ’ ಎಂದಿದ್ದದ್ದನ್ನು ಅಳಿಸಿ ‘ಗೊತ್ತಿಲ್ಲ’ ಎಂದು ಬರೆದಿದ್ದ.

ಅವನಿಗೆ ಗೊತ್ತಿತ್ತು!

“ಎರಡೇ ವಾರ. ಮನೆಗೆ ಬರ್ತೇನೆ” ಎಂದು ಅದೇ ದಿನ ಸಂಜೆ ಅವಳ ತಲೆ ನೇವರಿಸಿದವನಿಗೆ ಎಲ್ಲವೂ ಗೊತ್ತಿತ್ತು. ಇದನ್ನು ಹೇಳಬೇಕಾಗುತ್ತದೆ ಎಂದೇ ವೆಂಕಟರಮಣ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಅವಳ ಬಾಯಿಂದ ಕಳ್ಳನೆನಿಸಿಕೊಳ್ಳಲು ಒಪ್ಪಿದ್ದ.

ವಿನೋದಾ ಬಿಕ್ಕಿ ಬಿಕ್ಕಿ ಅತ್ತಳು. ಆ ಮೂರು ವರ್ಷಗಳಲ್ಲಿ ಹಾಗೆ ಅತ್ತಿರಲಿಲ್ಲ.

ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ದುರ್ಬೀನು, ಲೆನ್ಸು, ಮೆಮೊರಿ ಕಾರ್ಡು, ಚಕ್ಕುಲಿ ಎರಡು ಡಬ್ಬ... ಇವೆಲ್ಲ ಸುಧನ್ವನವು. ಚಕ್ಕುಲಿ ಎರಡು ಡಬ್ಬ! ಅಳುವಿನ ನಡುವೆಯೇ ನಗು ಬಂತು. ‘ಆನೆ ಮೇಲೆ ಬೇಡ, ಎತ್ತರ ಅಂದ್ರೆ ವಿನೋದಾಗೆ ಭಯ, ಜೀಪೇ ಇರಲಿ.’ ‘ಬಿಸಿನೀರಿಗೆ ಫ್ಲಾಸ್ಕ್.’ ‘ವಿನೋದಾಗೆ ಕೆಳ ಬರ್ತ್, ಎಡ ಮಂಡಿ ನೋವು.’ ಇವಕ್ಕೆಲ್ಲ ಅವನು ಹೋದ ಮೇಲಿನ ತಾರೀಖು. ಗಂಡನ ಪ್ರೀತಿಯೆಂದು ಒಂಬತ್ತು ದಿನ ಯಾವ ಸಾಲುಗಳನ್ನು ಮುಟ್ಟಿ ಮುಟ್ಟಿ ನೋಡಿದ್ದಳೋ, ಅವೆಲ್ಲ...

ಸುಧನ್ವ ಒಳ್ಳೆಯವನು. ದೇವರಂಥವನು. ಆದರೆ ಅವಳ ಯಾವ ಮಂಡಿ ನೋಯುತ್ತದೆಂದು ಅವನಿಗೆ ಎಂದೂ ನೆನಪಿರುತ್ತಿರಲಿಲ್ಲ.

“ಎಂಥ ಮಾರಾಯ್ತಿ, ಒಬ್ಬಳೇ ಅಳ್ತೀ, ಒಬ್ಬಳೇ ನಗ್ತೀ?”

ಬಾಗಿಲಲ್ಲಿ ಇಂದುಮತಿ ನಿಂತಿದ್ದರು. ಈ ಸಲ ವಿನೋದಾ ಮುಚ್ಚಿಡಲಿಲ್ಲ. ಎಲ್ಲವನ್ನೂ ಹೇಳಿದಳು. ಅತ್ತೆ ಕನ್ನಡಕ ಹಾಕಿಕೊಂಡು, ‘ಗೊತ್ತಿಲ್ಲ’ ಎಂದು ಮಗ ಬರೆದ ಅಕ್ಷರಗಳ ಮೇಲೆ ಬೆರಳಿಟ್ಟು ತುಂಬ ಹೊತ್ತು ಕುಳಿತರು.

“ಇವನು ಚಿಕ್ಕಂದಿನಲ್ಲೂ ಹೀಗೇ. ಬಿದ್ದು ಮೊಣಕೈ ಒಡೆದರೂ ಎಂಥ ಆಗ್ಲಿಲ್ಲ ಅಮ್ಮ ಅಂತ ಕೈ ಹಿಂದೆ ಇಟ್ಕೊಳ್ಳುವುದು.” ಸೆರಗಿನಿಂದ ಮುಖ ಒರೆಸಿಕೊಂಡರು. “ಆ ಹುಡುಗನ ನಂಬ್ರ ಕೊಡು.”

“ಯಾಕೆ ಅತ್ತೆ?”

“ಕೊಡು ಅಂದ್ರೆ ಕೊಡು.”

ಫೋನಿನಲ್ಲಿ ಅವರ ಸ್ವರ ಜೋರಾಗಿತ್ತು. “ವೆಂಕಟರಮಣನಾ? ನಾನು ಸುಧನ್ವನ ಅಮ್ಮ. ಗುರುವಾರ ಮೂರನೇ ವರ್ಷದ ಎಡೆ ಇಡ್ಲಿಕ್ಕುಂಟು. ನೀನು ಬರ್ಬೇಕು... ಎಂಥ ಮುಖ ಇಲ್ಲ? ಇದ್ದ ಮುಖವನ್ನೇ ತೊಳೆದುಕೊಂಡು ಬಾ!”

* * *

ಗುರುವಾರ ಅವನು ಬಂದ. ಬಿಳಿ ಪಂಚೆ, ಕೈಯಲ್ಲಿ ಬಾಳೆಯೆಲೆಯ ಕಟ್ಟು. ವಿನೋದಾಳತ್ತ ಕಣ್ಣೆತ್ತಲಿಲ್ಲ.

ಒಳಕೋಣೆಯಲ್ಲಿ ಫೋಟೋದ ಮುಂದೆ ಎಲೆ ಹಾಸಿದರು. ಮಜ್ಜಿಗೆಹುಳಿ, ಹೆಸರುಬೇಳೆ ಪಾಯಸ, ಎಲೆಯ ತುದಿಯಲ್ಲಿ ಚಕ್ಕುಲಿ. ದೀಪ ಹಚ್ಚಿ ಕೈಮುಗಿದರು. ವೆಂಕಟರಮಣ ಹೊರಗೆ ಹೋದ. ವಿನೋದಾ ಮಾತ್ರ ಎಲೆಯ ಎದುರಿಗೇ ಕುಳಿತಳು. ಹೋದ ಎರಡು ವರ್ಷವೂ ಅವಳು ಹಾಗೆಯೇ ಕುಳಿತಿದ್ದಳು. ಏಳೆಂದರೆ ಏಳುತ್ತಿರಲಿಲ್ಲ.

ಇಂದುಮತಿ ಅವಳ ಭುಜ ಮುಟ್ಟಿದರು. “ವಿನೋದಾ, ಎಡೆ ಇಟ್ಟವರು ಬಾಗಿಲು ಹಾಕಿ ಹೊರಗೆ ಬರ್ಬೇಕು ಮಗಾ. ನಮ್ಮ ಕ್ರಮ ಅದು. ನಾವು ಎದುರಿಗೇ ಕಣ್ಣುಬಿಟ್ಟು ಕೂತರೆ ಅವನು ಉಣ್ಣುವುದು ಹೇಗೆ? ಎರಡು ವರ್ಷದಿಂದ ನನ್ನ ಮಗ ಹಸ್ಕೊಂಡೇ ಹೋಗ್ತಿದ್ದಾನೆ.”

ಆ ಮಾತು ಎದೆಯಲ್ಲಿ ಎಲ್ಲೋ ಆಳಕ್ಕೆ ಹೋಗಿ ನಿಂತಿತು.

ಅವಳು ಟ್ಯಾಬ್ ತಂದಳು. ಸುಧನ್ವ ಎಂಬ ಹೆಸರನ್ನು ಒಮ್ಮೆ ನೋಡಿದಳು. ಲಾಗೌಟ್ ಎಂಬ ಅಕ್ಷರದ ಮೇಲೆ ಬೆರಳಿಟ್ಟಳು. ‘ಉಂಡು ಹೋಗಿ’ ಎಂದುಕೊಂಡಳು ಮನಸ್ಸಿನಲ್ಲೇ. ‘ಶೀಟು ನೋಡಿದೆ. ಎಲ್ಲ ನೋಡಿದೆ.’

ಬೆರಳು ಒತ್ತಿತು. ಹೆಸರು ಹೋಯಿತು.

ಟ್ಯಾಬನ್ನು ಎಲೆಯ ಪಕ್ಕದಲ್ಲಿಟ್ಟು ಅವಳು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಅತ್ತೆ ಅಡುಗೆಮನೆಗೆ ನಡೆದರು. ಬೇಕೆಂದೇ ನಡೆದರು.

ಬಾಲ್ಕನಿಯಲ್ಲಿ ಅವನೊಬ್ಬನೇ ನಿಂತಿದ್ದ. ಆರು ಮಹಡಿ ಕೆಳಗೆ ಪಾಲಾರಿವಟ್ಟಂನ ಹಾರ್ನುಗಳು.

“ಮೂರನೇ ಹೆಸರು ಯಾರು ಬರೆದದ್ದು ಅಂತ ಗೊತ್ತಾಯ್ತು” ಎಂದಳು ವಿನೋದಾ.

ಅವನು ಬೆಚ್ಚಿ ತಿರುಗಿದ. “ನೋಡ್ಬಾರ್ದಿತ್ತು ನೀವು. ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ.”

“ನನ್ನ ಎಡ ಮಂಡಿ ನೋಯ್ತದೆ ಅಂತ ಅವರಾ ಹೇಳಿದ್ದು?”

ಅವನು ಅಲ್ಲವೆಂದು ತಲೆಯಾಡಿಸಿದ.

“ಅವರಿಗೇ ಗೊತ್ತಿರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

“ಆಸ್ಪತ್ರೆ ಮೆಟ್ಟಿಲು” ಎಂದ ಅವನು, ಬಹಳ ಮೆಲ್ಲಗೆ. “ಮೂರನೇ ಮಹಡಿಗೆ ಲಿಫ್ಟ್ ಕಾಯದೆ ಹತ್ತಿಬಿಡ್ತಿದ್ರಿ. ಪ್ರತಿ ಮೆಟ್ಟಿಲಿಗೂ ಬಲಗಾಲೇ ಮೊದಲು... ಎಡಗಾಲು ಎಳ್ಕೊಂಡು. ಒಂದು ದಿನವೂ ಅಯ್ಯೋ ಅನ್ಲಿಲ್ಲ ನೀವು. ನಾನು ಹಿಂದೆ ಬರ್ತಿದ್ದೆ, ಬಿದ್ರೆ ಹಿಡ್ಕೊಳ್ಳೋಣ ಅಂತ.”

ಇಪ್ಪತ್ನಾಲ್ಕು ದಿನ ತಾನು ಒಂಟಿಯಾಗಿಯೇ ಆ ಮೆಟ್ಟಿಲು ಹತ್ತಿದೆ ಎಂದುಕೊಂಡಿದ್ದಳು!

“ಮೊದಮೊದಲು ಅವನಿಗೋಸ್ಕರ ಬರೆದೆ” ಎಂದ ವೆಂಕಟರಮಣ. “ಯಾವಾಗ ನಿಮಗೋಸ್ಕರ ಬರೆಯೋಕೆ ಶುರು ಮಾಡಿದ್ನೋ ಗೊತ್ತಿಲ್ಲ. ಅವನ ಹೆಸರಲ್ಲಿ ನನ್ನ ಮನಸ್ಸು ಬರೀತಿದ್ದೆ. ಅದು ತಪ್ಪು. ಅದಕ್ಕೇ ಮೂರು ವರ್ಷ ನಿಮ್ಮ ಕಣ್ಣಿಗೆ ಬೀಳ್ಲಿಲ್ಲ. ಕ್ಷಮಿಸಿ ಅನ್ನೋಕೂ ಬಾಯಿಲ್ಲ ನನಗೆ.”

“ತಪ್ಪೇ” ಎಂದಳು ಅವಳು. “ಅವರ ಹೆಸರಲ್ಲಿ ಬರೆದದ್ದು ತಪ್ಪು. ಇನ್ನು ಬರೆಯುವುದಾದ್ರೆ ನಿಮ್ಮ ಹೆಸರಲ್ಲೇ ಬರೀಬೇಕು.”

ಅವನು ಮೊದಲ ಬಾರಿಗೆ ಅವಳ ಕಣ್ಣನ್ನು ನೋಡಿದ. “ಇನ್ನು... ಬರೆಯುವುದಾ?”

“ಐದು ನಲವತ್ತಕ್ಕೆ ನೀವು ಬರ್ಲಿಲ್ಲ. ನಾಲ್ಕು ದಿನ ಕಾದೆ.” ಅವಳು ಕಂಬಿಯ ಬಳಿಗೆ ಬಂದಳು. “ಅವರನ್ನು ಕಾದದ್ದಲ್ಲ. ಅದು ನನಗೆ ಗೊತ್ತಾಗಿ ಹೆದರಿಕೆಯಾಯ್ತು.”

“ಈಗಲೂ ಹೆದರಿಕೆ ಇದ್ಯಾ?”

“ಉಂಟು. ಆದ್ರೂ ಕಾಜಿರಂಗಕ್ಕೆ ಹೋಗುವ. ಅಲ್ಲಿಂದ ಬಂದ ಮೇಲೂ ಆ ಹೊತ್ತಿಗೆ ನೀವು ಬೇಕು ನನಗೆ. ದಿನಾ.”

ಅವನು ಕಂಬಿಯನ್ನು ಬಿಗಿಯಾಗಿ ಹಿಡಿದ. ಅವಳ ಕೈ ಅದೇ ಕಂಬಿಯ ಮೇಲೆ ಜಾರಿ ಬಂದು ಅವನ ಕೈಯ ಪಕ್ಕದಲ್ಲಿ ನಿಂತಿತು. ಮುಚ್ಚಿದ ಬಾಗಿಲಿನ ಹಿಂದೆ ದೀಪ ಉರಿಯುತ್ತಿತ್ತು. ಮೂರು ವರ್ಷಗಳಲ್ಲಿ ಮೊದಲ ಸಲ ಅವಳು ಆ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು.

“ಆಯ್ತಾ ಮಾತು?” ಅಡುಗೆಮನೆಯಿಂದ ಇಂದುಮತಿ ಕೇಳಿದರು. “ಬಾಗಿಲು ತೆಗೀತೇನೆ, ಉಣ್ಲಿಕ್ಕೆ ಬನ್ನಿ. ಮತ್ತೆ ಇನ್ನೊಂದು, ಆ ರೈಲಿನಲ್ಲಿ ಮೂರು ಬರ್ತ್ ಅಂತ ಉಂಟಲ್ಲ? ಮೂರನೆಯದ್ದು ನನಗೆ.”

“ಅತ್ತೆ! ಮೂರು ದಿನದ ದಾರಿ! ನಿಮಗೆ ಎಪ್ಪತ್ತೊಂದು!”

“ಹೌದು, ಅದಕ್ಕೇ ಹೇಳ್ತಿರುವುದು. ಕೆಳಗಿನ ಬರ್ತ್ ನನಗೆ. ನಿನ್ನ ಮಂಡಿಯ ಕಥೆ ನೀವಿಬ್ಬರು ಏನಾದ್ರೂ ಮಾಡ್ಕೊಳ್ಳಿ. ನನ್ನ ಮಗ ನೋಡ್ಬೇಕು ಅಂದ ಪ್ರಾಣಿಯನ್ನು ನಾನು ನೋಡ್ಬಾರ್ದಾ?”

ವೆಂಕಟರಮಣ ನಕ್ಕ. ಕಣ್ಣಲ್ಲಿ ನೀರಿತ್ತು. “ಎರಡು ಕೆಳ ಬರ್ತ್ ಹಾಕೋಣ ಅಮ್ಮ. ನಾನು ಮೇಲೆ ಹೋಗ್ತೀನಿ.”

* * *

ನವೆಂಬರ್. ಜನವರಿಯ ಟಿಕೆಟ್ಟು ತೆರೆಯುವ ದಿನ. ಬುಕಿಂಗ್ ಎಂಟು ಗಂಟೆಗೆ. ಆದರೂ ವಿನೋದಾ ಐದು ನಲವತ್ತಕ್ಕೆ ಶೀಟು ತೆರೆದಳು.

ಪ್ರಯಾಣಿಕರ ಪಟ್ಟಿಯಲ್ಲಿ ಈಗ ಇಂದುಮತಿ, ವಿನೋದಾ, ವೆಂಕಟರಮಣ. ಸುಧನ್ವನ ಹೆಸರನ್ನು ಯಾರೂ ಅಳಿಸಿರಲಿಲ್ಲ. ಅದು ಎಲ್ಲಕ್ಕಿಂತ ಮೇಲೆ, ಶೀಟಿನ ಹೆಸರಿನ ಕೆಳಗೆ ಇತ್ತು. ‘ಯೋಜನೆ: ಸುಧನ್ವ.’

ಒಂದು ನೀಲಿ ಚೌಕ ಅಲುಗಿತು. ಸ್ವೆಟರಿನ ಸಾಲಿಗೆ ಬಂದು ನಿಂತು ಬರೆಯತೊಡಗಿತು. ‘ಮೈಸೂರಿನಿಂದ ಬಂತು. ಕಂದು ಬಣ್ಣ. ಕಾಡಿನಲ್ಲಿ ಕೆಂಪು ಹಾಕಬಾರದು. ಶನಿವಾರ ತರುತ್ತೇನೆ.’

ಅದರ ತಲೆಯ ಮೇಲೆ ಹೆಸರು ಸ್ಪಷ್ಟವಾಗಿತ್ತು. ಆದರೂ ಅವಳಿಗೆ ಕೇಳಬೇಕೆನಿಸಿತು. ಅಂದು ಉತ್ತರ ಸಿಗದ ಮನೆಯಲ್ಲೇ ಮತ್ತೆ ಬರೆದಳು.

‘ಇದು ನೀವಾ?’

ಈ ಸಲ ಚೌಕ ಓಡಿಹೋಗಲಿಲ್ಲ. ಅವಳ ಪಕ್ಕದ ಮನೆಗೆ ಬಂದು ನಿಂತಿತು.

‘ನಾನೇ.’

‘ಹೋಗಬೇಡಿ. ದೀಪ ಹಚ್ಚಿ ಬರ್ತೇನೆ.’

‘ಹಚ್ಚಿ ಬನ್ನಿ ವಿನೋದಾ. ಇಲ್ಲೇ ಇರ್ತೀನಿ.’